‘ಫೈಟ್ ಎಲ್ಲಿದೆ?’ ಅಂತ ಕೇಳಿದವರಿಗೆ

ನಿನ್ನೆಯಿಂದ ತಲೆ ಬಿಸಿಯಾಗಿದೆ. ‘ಸ್ವಾಂಪ್ ಥಿಂಗ್’ ಅನ್ನುವ ಅಮೆರಿಕದ ಹಾರರ್ ಕಾಮಿಕ್ಸ್ ಸರಣಿಯ 21ನೇ ಸಂಚಿಕೆ ಓದಿ ಅಂತ ನಮ್ಮ ಕಾಮಿಕ್ಸ್ ಗೆಳೆಯರಿಗೆ ದುಂಬಾಲು ಬಿದ್ದಿದ್ದೆ. ಓದಿದರು. ‘ಭಯಾನೇ ಆಗಲಿಲ್ಲ’, ‘ಬರೀ ಮಾತು’, ‘ಫೈಟ್ ಎಲ್ಲಿದೆ?’ ಅಂದರು. ಮೆಚ್ಚಿದವರೂ ಮೆಚ್ಚಿದ್ದು ಕೊನೆಯಲ್ಲಿ ಆ ಮುದುಕ ಖಳ ಸಂಡರ್‌ಲ್ಯಾಂಡ್ ಸಾಯುವುದನ್ನು ಮಾತ್ರ.

1984ರ ಸಂಚಿಕೆ ಅದು. ಅಲನ್ ಮೂರ್ ಬರೆದದ್ದು, ಚಿತ್ರ ಸ್ಟೀಫನ್ ಬಿಸೆಟ್ ಮತ್ತು ಜಾನ್ ಟೋಟ್ಲ್‌ಬೆನ್ ಅವರದು. ಗುಂಡೇಟು ತಿಂದ ನಾಯಕ, ಗಿಡಬಳ್ಳಿಯ ಮೈಯ ಜೌಗಿನ ಜೀವಿ ಸ್ವಾಂಪ್ ಥಿಂಗ್, ಹೆಚ್ಚಿನ ಪುಟಗಳಲ್ಲಿ ಹೆಣದ ಹಾಗೆ ಮಲಗಿದ್ದಾನೆ. ಹಳೇ ಸೂಪರ್‌ಹೀರೋ ಕಥೆಗಳ ಖಳ ವುಡ್ರೂ ಅವನನ್ನು ಕೊಯ್ದು ನೋಡುತ್ತಾನೆ. ಶ್ವಾಸಕೋಶದಂಥದ್ದು ಇದೆ, ಉಸಿರಾಡಲಾರದು. ಮೆದುಳಿನಂಥದ್ದು ಇದೆ, ಯೋಚಿಸಲಾರದು. ಎಲ್ಲಾ ಬರೀ ಗಿಡ. ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಂತೆ ಅಲೆಕ್ ಹಾಲಂಡ್ ಅನ್ನುವ ಮನುಷ್ಯ ಈ ಜೀವಿಯಾಗಿ ಬದಲಾಗಿರಲೇ ಇಲ್ಲ. ಅವನು ಸತ್ತೇ ಹೋಗಿದ್ದ. ಅವನ ದೇಹವನ್ನು ಉಂಡ ಜೌಗಿನ ಗಿಡಗಳು, ತಾವೇ ಅಲೆಕ್ ಅಂದುಕೊಂಡು ಎದ್ದು ನಡೆದಿದ್ದವು.

1972ರಲ್ಲಿ ಅವನದೇ ಸರಣಿ ಶುರುವಾದಾಗಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ, ಮತ್ತೆ ಮನುಷ್ಯ ಆಗಬೇಕು ಅಂತ. ಆ ಆಸೆ ಇಟ್ಟುಕೊಂಡವನೇ ಇಲ್ಲ ಅಂತ ವುಡ್ರೂನ ವರದಿ ಹೇಳಿಬಿಡುತ್ತದೆ. ಆ ವರದಿಯನ್ನು ಅವನೇ ಓದುತ್ತಾನೆ. ಇದಕ್ಕಿಂತ ಭಯ ಇನ್ನೇನು ಬೇಕು? ಮುದುಕನ ಸಾವು ಅದರ ಮುಂದೆ ಏನೂ ಅಲ್ಲ.

ಮೊದಲ ಸಲ ಓದಿದ ರಾತ್ರಿ ನನಗೆ ಚೆನ್ನಾಗೇ ನಿದ್ದೆ ಬಂತು. ಮರುದಿನ ಕೆಲಸದ ಮಧ್ಯೆ ಆ ಪುಟ ನೆನಪಾಯಿತು, ಕೈ ನಿಂತೇ ಹೋಯಿತು. ನಾನು ಅಂದುಕೊಂಡಿರುವ ‘ನಾನು’ ಬರೀ ಯಾರದೋ ನೆನಪಾಗಿದ್ದರೆ? ಈಗಲೂ ಆ ಪ್ರಶ್ನೆ ಬಂದರೆ ಎದೆ ಭಾರವಾಗುತ್ತದೆ.

ಭಯ ಆಗದಿದ್ದರೆ ಬಲವಂತವೇ, ಅವರವರ ರುಚಿ ಅಲ್ವಾ ಅಂತ ಒಬ್ಬರು ಕೇಳಿದರು. ಖಂಡಿತ, ರುಚಿ ಅವರವರದು. ‘ನನಗೆ ಭಯ ಆಗಲಿಲ್ಲ’ ಅನ್ನಿ, ಒಪ್ಪುತ್ತೇನೆ. ಆದರೆ ‘ಇದು ಹಾರರ್ರೇ ಅಲ್ಲ’ ಅನ್ನುವುದು ತೀರ್ಪು. ತೀರ್ಪು ಕೊಡುವವರು ಪುಟವನ್ನು ಪೂರ್ತಿ ನೋಡಿರಬೇಕು. ಫೋನಿನಲ್ಲಿ ಒಂದೊಂದೇ ಚಿತ್ರದ ಚೌಕ ತಳ್ಳುತ್ತಾ ಹೋದರೆ ಬಿಸೆಟ್ ಪುಟ ಕಟ್ಟಿದ ರೀತಿ ಹೇಗೆ ಕಂಡೀತು? ಅವರ ಚಿತ್ರಗಳಲ್ಲಿ ಬೇರು, ಬಳ್ಳಿ, ಕೊಳೆತ ಎಲೆ ಚೌಕದ ಗೆರೆಯನ್ನೇ ದಾಟಿ ಹರಡುತ್ತವೆ. ಇಡೀ ಪುಟ ಒಟ್ಟಿಗೆ ಕಂಡರೇ ಅದು ಮೈಗೆ ತಾಗುವುದು.

ಇದೇ ಸರಣಿಯ 29ನೇ ಸಂಚಿಕೆಗೆ ಕಾಮಿಕ್ಸ್ ಕೋಡ್‌ನವರು, ಅಂದರೆ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಾವೇ ಹಾಕಿಕೊಂಡ ಸೆನ್ಸಾರಿನವರು, ಒಪ್ಪಿಗೆಯ ಮುದ್ರೆ ಕೊಡಲಿಲ್ಲ. 1954ರಲ್ಲಿ ಹುಟ್ಟಿದ ಕಟ್ಟಳೆ ಅದು. ಎದ್ದು ನಡೆಯುವ ಹೆಣಗಳು ಅದಕ್ಕೆ ಆಗುತ್ತಿರಲಿಲ್ಲ. ಪ್ರಕಾಶಕ ಸಂಸ್ಥೆ ಡಿಸಿ ಮುದ್ರೆ ಇಲ್ಲದೆಯೇ ಪ್ರಕಟಿಸಿತು, ಕೆಲವೇ ತಿಂಗಳಲ್ಲಿ ಈ ಸರಣಿಗೆ ಮುದ್ರೆಯ ಗೊಡವೆಯನ್ನೇ ಬಿಟ್ಟಿತು. ತಡೆಯಲು ನೋಡಿದವರು ಕೂಡ ಈ ಪುಟಗಳಿಗೆ ಶಕ್ತಿ ಇದೆ ಅಂತ ನಂಬಿದ್ದರು. ನಮ್ಮವರು ಸುಮ್ನೆ ತಳ್ಳಿ ಮುಂದೆ ಹೋದರು. ನನಗೆ ಜಾಸ್ತಿ ನೋವಾಗಿದ್ದು ಇದಕ್ಕೇ.

22ನೇ ಸಂಚಿಕೆ ಕೊಡಿ ಅಂತ ಇಬ್ಬರು ಕೇಳಿದ್ದಾರೆ. 21 ಅನ್ನು ಕಾಗದದ ಮೇಲೆ ಇನ್ನೊಮ್ಮೆ ಓದಿ ಬನ್ನಿ, ನನ್ನ ಪ್ರತಿಯನ್ನೇ ಕೊಡುತ್ತೇನೆ. ಆಮೇಲೆ 22ರ ಮಾತು.