ಸ್ಟಾರ್ಟ್ ಆಗದ ಕಾರಿಗೆಲ್ಲ ಹೊಸ ಬ್ಯಾಟರಿಯೇ ಮದ್ದೇ?

ನಮ್ಮ ಕಾರವಾರದ ಗ್ಯಾರೇಜುಗಳಲ್ಲಿ ವೋಲ್ಟೇಜು ಅಳೆಯುವ ಮೀಟರನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಪದ್ಧತಿಯೇ ನಿಂತುಹೋಯಿತೇ ಎಂಬ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೋಡಿಬಾಗದಲ್ಲಿ ನಮ್ಮ ನೆರೆಮನೆಯ ಅಕ್ಕೋರ ಕಾರು ಮಳೆಗಾಲದ ಆರಂಭದಲ್ಲಿ ಸ್ಟಾರ್ಟ್ ಆಗದೆ ನಿಂತಾಗ, ಗ್ಯಾರೇಜಿನವನು ಬಾನೆಟ್ ಎತ್ತಿದವನೇ ಬ್ಯಾಟರಿ ಹೋಗಿದೆಯೆಂದು ತೀರ್ಪು ಕೊಟ್ಟು ಹೊಸದನ್ನು ಹಾಕಿದ್ದನು. ಈಗ ಕಾರು ಮತ್ತೆ ನಿಂತಿದೆ. ಅದೇ ಮಹಾಶಯನು ಇಂದು ಬೆಳಿಗ್ಗೆ ಬಂದು, ಈ ಸಲವೂ ಏನನ್ನೂ ಅಳೆಯದೆ, "ಸೆಲ್ಫ್ ಮೋಟರೇ ಬದಲಿಸಬೇಕು ಅಕ್ಕೋರೆ" ಎಂದು ಹೇಳಿ ಹೋದನು. ಸೆಲ್ಫ್ ಮೋಟರೆಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರು.

ಡಿಪೋದಲ್ಲಿ ಬಸ್ಸುಗಳ ವೈರಿಂಗ್ ನೋಡುತ್ತಲೇ ತಲೆ ನರೆಸಿಕೊಂಡ ನಾನು ಸುಮ್ಮನಿರಲಾರೆನೆಂಬುದು ನಿಮಗೆ ಗೊತ್ತೇ ಇದೆ. ಮೀಟರ್ ಇಟ್ಟಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಕೀ ತಿರುಗಿಸಿದರೆ "ಟಕ್" ಎಂದು ಒಂದೇ ಸದ್ದು. ಆಗಲೂ ವೋಲ್ಟೇಜು 12ರ ಆಸುಪಾಸಿನಲ್ಲೇ ನಿಂತಿತ್ತು. ಬ್ಯಾಟರಿಯು ಕೊಡಲು ಸಿದ್ಧವಿದ್ದರೂ ಬೇಕಾದಷ್ಟು ಕರೆಂಟು ಹರಿಯುತ್ತಿರಲಿಲ್ಲ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಒತ್ತಿ ಹಿಡಿದು ಮತ್ತೆ ಸೆಲ್ಫ್ ಹೊಡೆಸಿದಾಗ, ಅರ್ಧ ವೋಲ್ಟನ್ನೂ ದಾಟಬಾರದ ಜಾಗದಲ್ಲಿ 5 ವೋಲ್ಟಿಗಿಂತ ಹೆಚ್ಚು ಬಂದಿತು. ಎಂಜಿನ್ನಿನ ಮೈಯಿಂದ ಕರೆಂಟನ್ನು ಬ್ಯಾಟರಿಯ ಮೈನಸ್ಸಿಗೆ ಮರಳಿಸುವ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಹುಡಿ ಕಟ್ಟಿಕೊಂಡಿತ್ತು. ಅದರಡಿಯ ಕಬ್ಬಿಣವು ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿತ್ತು. ಉಪ್ಪುಗಾಳಿಯ ಊರಿನಲ್ಲಿ ಮೊದಲು ನೋಡಬೇಕಾದ ಜಾಗವೇ ಅದು! ಉಜ್ಜಿ, ಬಿಗಿ ಮಾಡಿ, ಗ್ರೀಸ್ ಸವರಿದ ಮೇಲೆ ಕಾರು ಮೊದಲ ಸೆಲ್ಫಿಗೇ ಸ್ಟಾರ್ಟ್ ಆಯಿತು.

ಲೈಟು ಚೆನ್ನಾಗಿ ಉರಿಯುತ್ತಿರುವುದರಿಂದ ವೈರಿಂಗಿನಲ್ಲಿ ದೋಷವಿಲ್ಲವೆಂಬುದು ಆ ಪುಣ್ಯಾತ್ಮನ ವಾದವಾಗಿತ್ತು. ಹೆಡ್‌ಲೈಟಿಗೆ ಬೇಕಾಗುವುದು ಹತ್ತು ಆಂಪಿಯರಿನ ಆಸುಪಾಸು, ಸೆಲ್ಫ್ ಮೋಟರಿಗೆ ನೂರಕ್ಕೂ ಹೆಚ್ಚು. ಕೂಡುಗಂಟಿನಲ್ಲಿ 0.02 ಓಮ್ ತಡೆಯಿದ್ದರೆ 10 ಆಂಪಿಯರಿಗೆ ನಷ್ಟವಾಗುವುದು 0.2 ವೋಲ್ಟ್; 150 ಆಂಪಿಯರಿಗಾದರೆ 3 ವೋಲ್ಟ್. ಹೈಸ್ಕೂಲಿನಲ್ಲಿ ಕಲಿಸುವ ಈ ಗುಣಾಕಾರವನ್ನು ಮಾಡಲು ಸೋಮಾರಿತನವಾದರೆ ಕಿವಿಯನ್ನಾದರೂ ಬಳಸಬಹುದಿತ್ತು. "ಟಕಟಕಟಕ" ಎಂದು ಬಡಿದುಕೊಂಡರೆ ಬ್ಯಾಟರಿಯ ಮೇಲೋ ಅದರ ಟರ್ಮಿನಲ್ಲಿನ ಮೇಲೋ ಸಂಶಯಪಡಬೇಕು. ಒಂದೇ "ಟಕ್" ಆದರೆ ಕೇಬಲ್, ಸೊಲೆನಾಯ್ಡಿನ (ಮೋಟರಿಗೆ ಕರೆಂಟು ಬಿಡುವ ವಿದ್ಯುತ್ಕಾಂತದ ಸ್ವಿಚ್ಚಿನ) ಕಾಂಟ್ಯಾಕ್ಟ್, ಮೋಟರಿನ ಬ್ರಷ್ ನೋಡಬೇಕು. ಸದ್ದೇ ಇಲ್ಲದಿದ್ದರೆ ಮೊದಲು ರಿಲೇ, ಕೀ ಸ್ವಿಚ್ಚು, ಕ್ಲಚ್ ಸ್ವಿಚ್ಚುಗಳನ್ನು ನೋಡಬೇಕು. ಎಂಜಿನ್ ಗರಗರನೆ ತಿರುಗಿಯೂ ಹಿಡಿಯದಿದ್ದರೆ ದೋಷವಿರುವುದು ಪೆಟ್ರೋಲಿನ ಕಡೆಗೋ ಸ್ಪಾರ್ಕಿನ ಕಡೆಗೋ. ಆಗಲೂ ಬ್ಯಾಟರಿ ಮಾರುವ ಧೀರರನ್ನು ನಾನು ಕಂಡಿದ್ದೇನೆ.

ಈಗಿನ ಗಾಡಿಗಳೆಲ್ಲ ಕಂಪ್ಯೂಟರಿನವು, ನಿಮ್ಮ ಕಾಲದ ಮೀಟರ್ ಇಲ್ಲಿ ನಡೆಯುವುದಿಲ್ಲ ಎಂದು ಕೆಲವರು ಹೇಳುವರು. ಇಮೊಬಿಲೈಸರ್ ಇರುವ ಕಾರು ಕೀಲಿಯನ್ನು ಗುರುತಿಸದೆ ತಡೆಯಬಹುದೆಂಬುದು ನಿಜವೇ. ಆದರೆ "ಟಕ್" ಎಂದು ಸೊಲೆನಾಯ್ಡು ಎಳೆದುಕೊಂಡಿತೆಂದರೆ ಸೆಲ್ಫ್ ಹೊಡೆಯಲು ಅಪ್ಪಣೆ ಬಂದಾಗಿದೆ. ಆಮೇಲೆ ಉಳಿಯುವುದು ದಪ್ಪ ಕೇಬಲ್ಲು, ಕಾಂಟ್ಯಾಕ್ಟು ಮತ್ತು ಮೋಟರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದಂದಿನಿಂದ ಅವುಗಳ ಮೂಲತತ್ವ ಬದಲಾಗಿಲ್ಲ.

ಒಂದು ವಿಷಯವನ್ನು ಮುಚ್ಚಿಡಲಾರೆ. ಕಾರು ಹೊರಟಾಗ ನನಗಾದ ಸಂತೋಷದಲ್ಲಿ ಪರೋಪಕಾರಕ್ಕಿಂತ ಜಂಬವೇ ಹೆಚ್ಚಿತ್ತು. ನಿವೃತ್ತನಾದ ಮೇಲೆ ನನ್ನನ್ನು ಕೇಳುವವರೇ ಕಡಿಮೆ. ಆದರೂ ಕೆಲವು ನೂರು ರೂಪಾಯಿಯ ಮೀಟರ್ ಇಡದೆ ಸಾವಿರಗಟ್ಟಲೆ ಬಿಲ್ ಬರೆಯುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ?

ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯು ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಖಂಡಿತ ಬದಲಿಸಿರಿ. ಆದರೆ ಆ ಅಂಕಿಯನ್ನು ನಿಮ್ಮೆದುರಿಗೇ ತೋರಿಸಲು ಹೇಳಿರಿ. ಅಕ್ಕೋರ ಹಳೆಯ ಬ್ಯಾಟರಿಯು ಎಕ್ಸ್‌ಚೇಂಜ್ ಲೆಕ್ಕದಲ್ಲಿ ಗುಜರಿಗೆ ಹೋಗಿಯಾಗಿದೆ; ಅದು ನಿಜವಾಗಿಯೂ ಕೆಟ್ಟಿತ್ತೇ ಎಂದು ಅಳೆಯೋಣವೆಂದರೆ ಈಗ ಅದೂ ಕೈಯಲ್ಲಿಲ್ಲ.