ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ

ನಿನ್ನೆ ಬೆಳಿಗ್ಗೆ ಒಂದರ ಹಿಂದೊಂದು ಎರಡು ಇಮೇಲ್‌ಗಳು ಬಂದವು. ನಾನು ಅರ್ಜಿ ಹಾಕಿದ್ದ ಹುದ್ದೆ ಹೊಸಬರಿಗೆಂದೇ ಇರುವುದರಿಂದ ನನ್ನ ಅನುಭವ ಅದಕ್ಕೆ ತೀರಾ ಹೆಚ್ಚಾಯಿತೆಂದು ಮೊದಲನೆಯದರಲ್ಲಿ ವಿಷಾದಿಸಿದ್ದರು. ನಾನು ಪದವಿ ಪಡೆದು ಇನ್ನೂ ವರ್ಷ ತುಂಬಿಲ್ಲವಾದ್ದರಿಂದ ನನ್ನ ಅನುಭವ ಸಾಲದೆಂದು ಎರಡನೆಯದರಲ್ಲಿ ವಿಷಾದಿಸಿದ್ದರು. ಇಬ್ಬರೂ ನನ್ನ ಉಜ್ವಲ ಭವಿಷ್ಯಕ್ಕೆ ಶುಭ ಕೋರುವುದನ್ನು ಮಾತ್ರ ಮರೆತಿರಲಿಲ್ಲ. ಈ ಎರಡೂ ಸಂಸ್ಥೆಗಳ ಅಧಿಕಾರಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ನನ್ನ ಅನುಭವ ಹೆಚ್ಚೋ ಕಡಿಮೆಯೋ ಎಂಬುದನ್ನು ನಿಮ್ಮನಿಮ್ಮಲ್ಲೇ ಇತ್ಯರ್ಥ ಮಾಡಿಕೊಂಡು ಬಾಗಿಲು ತಟ್ಟಿ ಎಂದು ಹೇಳಿ, ಹೊರಗಿನಿಂದ ಚಿಲಕ ಹಾಕಿಬಿಡುವ ಆಸೆ ನನಗೆ ಇನ್ನೂ ಹೋಗಿಲ್ಲ.

ತಲೆ ನರೆಯುವ ಹೊತ್ತಿಗೆ ಪದವಿ ಓದಲು ಕುಳಿತವರಿಗೆ ಓದಿನ ಕಷ್ಟಗಳನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ದುಡಿದು ರಾತ್ರಿ ಪುಸ್ತಕ ಬಿಡಿಸಿದರೆ ಅಕ್ಷರಗಳು ಸಾಲು ಬಿಟ್ಟು ಓಡಾಡುತ್ತವೆ. ವಿಶ್ವವಿದ್ಯಾಲಯದ ಪೋರ್ಟಲ್ಲಿನ ಪಾಸ್‌ವರ್ಡ್ ಸರಿಯಾಗಿ ಅಸೈನ್‌ಮೆಂಟಿನ ಕೊನೆಯ ದಿನವೇ ಮರೆತುಹೋಗುತ್ತದೆ. ಗುಂಪಿನಲ್ಲಿ ಮಾಡಬೇಕಾದ ಪ್ರಾಜೆಕ್ಟು ಬಂದಾಗ, 'ನಿಮಗೆ ಅನುಭವ ಇದೆಯಲ್ಲ ಮೇಡಂ' ಎಂಬ ಒಂದೇ ವಾಕ್ಯದಿಂದ ಗುಂಪಿನ ಮಿಕ್ಕವರೆಲ್ಲ ಮುಕ್ತರಾಗುತ್ತಾರೆ. (ಆ ಅನುಭವ ಅಲ್ಲಿ ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು.) ಇವೆಲ್ಲ ಹೇಗೋ ಕಳೆದವು, ಅಂಕಪಟ್ಟಿಯೂ ಕೈಗೆ ಬಂತು. ನಿಜವಾದ ಪರೀಕ್ಷೆ ಆರಂಭವಾದದ್ದು ಪ್ಲೇಸ್‌ಮೆಂಟ್ ಅಧಿಕಾರಿಗಳ ಕೋಣೆಗೆ ಕಾಲಿಟ್ಟ ಮೇಲೆ.

ಅವರು ಸಜ್ಜನರು, ಅದರಲ್ಲಿ ಎರಡು ಮಾತಿಲ್ಲ. ಅವರಿಗಿರುವುದು ಒಂದೇ ಒಂದು ಅಭ್ಯಾಸ. ನಾನು ಕುರ್ಚಿಯಲ್ಲಿ ಕುಳಿತುಕೊಳ್ಳುವುದಕ್ಕೂ ಮುನ್ನ, ಯಾರೂ ಏನೂ ಕೇಳದೆ ಇರುವಾಗ, 'ನೋಡಿ ಮೇಡಂ, ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ' ಎಂದುಬಿಡುತ್ತಾರೆ. 'ವಯಸ್ಸು' ಎಂಬ ಪದ ಬಂದಾಗ ಮಾತ್ರ ದನಿ ತಗ್ಗಿಸಿ, ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ನನಗೇ ಇನ್ನೂ ತಿಳಿಸಿರದ ಯಾವುದೋ ಕಾಯಿಲೆಯ ವರದಿ ಅವರ ಕೈಯಲ್ಲಿದೆಯೇನೋ ಎಂಬ ಅನುಮಾನ ಹುಟ್ಟುವಷ್ಟು ಮೃದುವಾಗಿರುತ್ತದೆ ಆ ದನಿ. ಅಂಕಪಟ್ಟಿಯ ನಕಲಿಗೆ ಸಹಿ ಕೇಳಲು ಹೋದಾಗಲೂ ಅದೇ ಮಾತು, ಮೆಟ್ಟಿಲ ಮೇಲೆ ಎದುರು ಸಿಕ್ಕಾಗಲೂ ಅದೇ ಮಾತು. ಒಮ್ಮೆ ಮಳೆ ಜೋರಾಗಿದೆಯೆಂದು ನಾನು ಹೇಳಿದ್ದಕ್ಕೂ, 'ಹೌದು, ಆದರೆ ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ' ಎಂದು ಧೈರ್ಯ ತುಂಬಿದರು.

ಈ ಧೈರ್ಯಕ್ಕೆ ಅವರ ಬಳಿ ಆಧಾರಗಳೂ ಇವೆ. ಅಮೆರಿಕದ ಕಾನ್ಸಸ್ ರಾಜ್ಯದ ಫೋರ್ಟ್ ಹೇಸ್ ಸ್ಟೇಟ್ ವಿಶ್ವವಿದ್ಯಾಲಯದಿಂದ 2007ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ಮೊಮ್ಮಗಳ ಜೊತೆಗೇ ಪದವಿ ಪಡೆದ ನೋಲಾ ಓಕ್ಸ್ ಅವರ ಚಿತ್ರವೊಂದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾರೆ. ಆಕೆ ಅಷ್ಟಕ್ಕೇ ಬಿಡದೆ 2010ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರೆಂದು ಬೆರಳಿಟ್ಟು ತೋರಿಸುತ್ತಾರೆ. ಜಪಾನಿನ ಶಿಗೆಮಿ ಹಿರಾಟಾ 2016ರಲ್ಲಿ 96ನೆಯ ವಯಸ್ಸಿನಲ್ಲಿ ಪದವೀಧರರಾಗಿ ಆಕೆಯ ದಾಖಲೆಯನ್ನೂ ಮುರಿದ ಸಂಗತಿ ಗಾಜಿನಡಿಯ ಇನ್ನೊಂದು ಚೀಟಿಯಲ್ಲಿದೆ. ಇಬ್ಬರ ಬಗ್ಗೆಯೂ ನನಗೆ ಅಪಾರ ಗೌರವವಿದೆ. ಆದರೆ ಅವರಿಬ್ಬರೂ ಪದವಿಯ ಮಾರನೆಯ ದಿನದಿಂದ ಸಂಬಳದ ಕೆಲಸಕ್ಕಾಗಿ ಅರ್ಜಿ ಹಾಕುತ್ತ ಕುಳಿತುಕೊಳ್ಳಬೇಕಾಗಿರಲಿಲ್ಲ. 95ರ ಪದವೀಧರೆಯನ್ನು ಕಂಡು ಜಗತ್ತು ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಐವತ್ತರ ಆಸುಪಾಸಿನ ಪದವೀಧರೆಯನ್ನು ಕಂಡರೆ ಕುರ್ಚಿ ಸರಿಸಿ, 'ಯಾರನ್ನು ನೋಡಬೇಕಿತ್ತು?' ಎನ್ನುತ್ತದೆ.

ಇನ್ನು ರೆಸ್ಯೂಮೆಯ ವಿಷಯ. ಬಹಳ ಶ್ರದ್ಧೆಯಿಂದ ಸಿದ್ಧಪಡಿಸಿ, ಎರಡು ಪುಟಗಳಲ್ಲಿ ಒಪ್ಪವಾಗಿ ಕೂರಿಸಿ ಅವರ ಮುಂದಿಟ್ಟೆ. ಅವರು ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಅದನ್ನು ಅಲ್ಲಿಯೇ ಕಚ್ಚಿಕೊಂಡು ಓದತೊಡಗಿದರು. ಶಾಲೆ ಮುಗಿಸಿದ ವರ್ಷ ಕಣ್ಣಿಗೆ ಬಿತ್ತು. 'ಇದು ಬೇಡ' ಎಂದು ಗೀಟು ಎಳೆದರು. ಮೊದಲ ಕೆಲಸಕ್ಕೆ ಸೇರಿದ ವರ್ಷಕ್ಕೂ ಅದೇ ಗತಿಯಾಯಿತು. ವರ್ಷ ಹೋದ ಮೇಲೆ ಆ ಕೆಲಸವೊಂದೇ ನಿಂತು ಏನು ಮಾಡಬೇಕು ಎಂದು ಅದನ್ನೂ ಹೊಡೆದರು. 'ಶೀಘ್ರಲಿಪಿ ಮತ್ತು ಬೆರಳಚ್ಚು' ಎಂಬಲ್ಲಿಗೆ ಬಂದಾಗ ಅವರ ಮುಖದಲ್ಲಿ ನಿಜವಾದ ನೋವು ಕಂಡಿತು. ಫ್ಯಾಕ್ಸ್ ಯಂತ್ರದ ಉಲ್ಲೇಖವನ್ನು ಎರಡು ಸಲ ಗೀಚಿದರು. ಹವ್ಯಾಸಗಳ ಸಾಲಿನಲ್ಲಿದ್ದ ಅಂಚೆಚೀಟಿ ಸಂಗ್ರಹವನ್ನು ತೋರಿಸಿ, 'ಇದರ ಬದಲು ಪಾಡ್‌ಕಾಸ್ಟ್ ಎಂದು ಹಾಕೋಣ' ಎಂದರು. ಪಾಡ್‌ಕಾಸ್ಟ್ ಕೇಳುವುದು ಹವ್ಯಾಸವಾಗುವುದಾದರೆ ಊಟ ಮಾಡುವುದೂ ಹವ್ಯಾಸವೇ ಎಂಬ ನನ್ನ ವಾದ ಅವರಿಗೆ ಹಿಡಿಸಲಿಲ್ಲ.

ಅಷ್ಟಕ್ಕೂ ನಿಲ್ಲದೆ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, 'ಪೂರ್ಣವಿರಾಮದ ನಂತರ ಎರಡು ಸಲ ಸ್ಪೇಸ್ ಒತ್ತಿದ್ದೀರಿ' ಎಂದರು. ಟೈಪ್‌ರೈಟರಿನ ಮೇಲೆ ಬೆರಳಚ್ಚು ಕಲಿತವರಿಗೆ ಹಾಗೆಯೇ ಕಲಿಸಿದ್ದರು. ಆ ಯಂತ್ರಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾದರೂ ಹೆಬ್ಬೆರಳು ಮಾತ್ರ ತನ್ನ ಧರ್ಮ ಬಿಟ್ಟಿಲ್ಲ. 'ವರ್ಷಗಳನ್ನೆಲ್ಲ ತೆಗೆದರೂ ಈ ಖಾಲಿ ಜಾಗಗಳು ಹೇಳಿಬಿಡುತ್ತವೆ ಮೇಡಂ' ಎಂದು ಪ್ಲೇಸ್‌ಮೆಂಟ್ ಅಧಿಕಾರಿಗಳು ಒಂದೊಂದೇ ವಾಕ್ಯದ ಕೊನೆಗೆ ಕೆಂಪು ಚುಕ್ಕೆ ಇಡುತ್ತ ಹೋದರು. ನಾನು ಸಣ್ಣದೊಂದು ಪ್ರತಿಭಟನೆ ಮಾಡಿದ್ದಕ್ಕೆ ಲಿಯೊನಾರ್ಡೊ ಡಾ ವಿಂಚಿಯನ್ನೇ ಸಾಕ್ಷಿಗೆ ಕರೆದರು. 1482ರ ಸುಮಾರಿಗೆ ಆತ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆದ ಪತ್ರವನ್ನು ಜಗತ್ತಿನ ಮೊದಲ ರೆಸ್ಯೂಮೆ ಎಂದು ಹಲವರು ಕರೆಯುವುದುಂಟು. ಹೊತ್ತೊಯ್ಯಬಹುದಾದ ಸೇತುವೆಗಳನ್ನು ಕಟ್ಟಬಲ್ಲೆ, ಫಿರಂಗಿಗಳನ್ನು ಮಾಡಬಲ್ಲೆ ಎಂದೆಲ್ಲ ಪಟ್ಟಿ ಮಾಡಿ, ಕೊನೆಯಲ್ಲಿ ಚಿತ್ರವನ್ನೂ ಬರೆಯಬಲ್ಲೆ ಎಂದು ಸೇರಿಸಿದ ಪತ್ರವದು. 'ಅದರಲ್ಲಿ ಎಲ್ಲಿಯಾದರೂ ವರ್ಷ ಬರೆದಿದ್ದಾನೆಯೇ?' ಎಂದು ಅವರು ಕೇಳಿದರು. ಬರೆದಿಲ್ಲ, ನಿಜ. ಆಗ ಆತನಿಗೆ ಮೂವತ್ತರ ಆಸುಪಾಸು, ಬರೆದಿದ್ದರೂ ನಷ್ಟವೇನೂ ಇರಲಿಲ್ಲ ಎಂಬುದನ್ನು ನಾನು ನುಂಗಿಕೊಂಡೆ.

ಕೊನೆಗೆ ಎರಡು ಪುಟಗಳಲ್ಲಿ ಉಳಿದದ್ದು ನನ್ನ ಹೆಸರು, ಫೋನ್ ನಂಬರು, ಈಚೆಗೆ ಪಡೆದ ಪದವಿ ಮತ್ತು ಪಾಡ್‌ಕಾಸ್ಟ್. ಅಧಿಕಾರಿಗಳು ಹಲ್ಲಿನಿಂದ ಮುಚ್ಚಳವನ್ನು ಬಿಡಿಸಿ ಪೆನ್ನಿಗೆ ಸಿಕ್ಕಿಸಿ, ತಮ್ಮ ಕೆಲಸವನ್ನು ತೃಪ್ತಿಯಿಂದ ಒಮ್ಮೆ ನೋಡಿದರು. ನಂತರ ಅವರ ಹುಬ್ಬು ಗಂಟಾಯಿತು. 'ಏಕೋ ತುಂಬಾ ಖಾಲಿ ಕಾಣುತ್ತದೆಯಲ್ಲ ಮೇಡಂ? ಇಷ್ಟು ವರ್ಷ ನೀವು ಏನೂ ಮಾಡಲಿಲ್ಲವೇ?'

ಇಷ್ಟೆಲ್ಲ ಮರೆಮಾಚಿದ್ದು ಸಾರ್ಥಕವಾಯಿತೇ ಎಂದರೆ, ಆನ್‌ಲೈನ್ ಅರ್ಜಿ ತುಂಬಲು ಕುಳಿತಾಗ ಎರಡು ನಿಮಿಷದಲ್ಲಿ ಎಲ್ಲವೂ ನೀರುಪಾಲಾಯಿತು. ಮೊದಲು ರೆಸ್ಯೂಮೆಯನ್ನು ಅಪ್‌ಲೋಡ್ ಮಾಡಿಸಿಕೊಳ್ಳುವ ತಂತ್ರಾಂಶ, ಆಮೇಲೆ ಅದರಲ್ಲಿರುವುದನ್ನೆಲ್ಲ ಮತ್ತೆ ನಮ್ಮ ಕೈಯಿಂದಲೇ ಬರೆಸಿಕೊಳ್ಳುವುದು ಏಕೆಂದು ಕೆಲಸ ಹುಡುಕುವವರೆಲ್ಲ ಕೇಳುತ್ತ ಬಂದಿದ್ದಾರೆ, ಉತ್ತರ ಸಿಕ್ಕಿಲ್ಲ. ಹುಟ್ಟಿದ ದಿನಾಂಕದ ಮುಂದೆ, ತುಂಬದೆ ಮುಂದಕ್ಕೆ ಹೋಗುವಂತಿಲ್ಲ ಎಂದು ಸಾರುವ ಕೆಂಪು ನಕ್ಷತ್ರವಿತ್ತು. ವರ್ಷಗಳ ಪಟ್ಟಿ ಈ ವರ್ಷದಿಂದ ಆರಂಭವಾಗಿ ಕೆಳಕ್ಕೆ ಇಳಿಯುತ್ತದೆ. ಈ ವರ್ಷ ಹುಟ್ಟಿದವರು ಯಾವ ಹುದ್ದೆಗೆ ಅರ್ಜಿ ಹಾಕುತ್ತಾರೋ ನಾನರಿಯೆ. ಹೆಬ್ಬೆರಳಿನಿಂದ ತಳ್ಳಿದಷ್ಟೂ ನನ್ನ ಸಹಪಾಠಿಗಳ ವರ್ಷಗಳು ಬಂದು ಹೋದವು, ಅವರ ಅಧ್ಯಾಪಕರ ವರ್ಷಗಳು ಬಂದು ಹೋದವು, ನಾನಿನ್ನೂ ತಳ್ಳುತ್ತಲೇ ಇದ್ದೆ. ಇನ್ನೊಂದು ಅರ್ಜಿಯಲ್ಲಿ ಈ ಶ್ರಮವೂ ಬೇಕಾಗಲಿಲ್ಲ. ಅಲ್ಲಿ ಮೊದಲೇ 1970ರ ಜನವರಿ 1 ಎಂದು ತುಂಬಿತ್ತು. ಹಲವು ಕಂಪ್ಯೂಟರ್ ವ್ಯವಸ್ಥೆಗಳು ಕಾಲವನ್ನು ಎಣಿಸತೊಡಗುವುದೇ ಆ ದಿನದಿಂದ, ಹಾಗಾಗಿ ದಿನಾಂಕ ಗೊತ್ತಿಲ್ಲದೆಡೆ ಅವು ಕೆಲವೊಮ್ಮೆ ಅದನ್ನೇ ತೋರಿಸಿಬಿಡುತ್ತವೆ. ಕಂಪ್ಯೂಟರಿನ ಸೃಷ್ಟಿಯ ಆದಿಯಿಂದ ನನ್ನ ಹುಟ್ಟುಹಬ್ಬಕ್ಕೆ ನಾಲ್ಕಾರು ಸಲ ಒತ್ತಿದರೆ ಸಾಕಾಯಿತು.

ಅದರ ಕೆಳಗೆ ಇನ್ನೊಂದು ಚೌಕವಿತ್ತು. 'ಶಾಲಾ ಶಿಕ್ಷಣಕ್ಕೂ ಪದವಿಗೂ ನಡುವೆ ಅಂತರವಿದ್ದಲ್ಲಿ ಕಾರಣ ತಿಳಿಸಿ. 100 ಅಕ್ಷರ ಮೀರದಂತೆ.' ಮನೆಯ ಜವಾಬ್ದಾರಿ, ನೌಕರಿ, ಮಕ್ಕಳು, ಹಿರಿಯರ ಆರೈಕೆ, ಮತ್ತೆ ನೌಕರಿ ಎಂದು ಬರೆದು ಮುಗಿಸಿದಾಗ, ಇನ್ನೂ ಅರ್ಧಕ್ಕೂ ಹೆಚ್ಚು ಜಾಗ ಬಾಕಿಯಿದೆ ಎಂದು ಚೌಕದ ಮೂಲೆಯ ಅಂಕಿ ತೋರಿಸಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ಎಲ್ಲ ಬಿಟ್ಟು ಓದಿದ್ದೇಕೆ ಎಂದು ಆ ಚೌಕ ಕೇಳಿದ್ದರೆ ನನಗೆ 100 ಅಕ್ಷರ ಸಾಲುತ್ತಿರಲಿಲ್ಲ. ನೌಕರಿಯಲ್ಲಿದ್ದಾಗ ನಾನು ತಿಂಗಳು ತಿಂಗಳೂ ಸರಾಸರಿಗಳ ಪಟ್ಟಿಯನ್ನು ತಯಾರಿಸುತ್ತಿದ್ದೆ. ಮೇಲಿನವರು ಕೇಳುತ್ತಿದ್ದರು, ನಾನು ಕೂಡಿ ಭಾಗಿಸಿ ಕೊಡುತ್ತಿದ್ದೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಾನಕ ವಿಚಲನೆಯನ್ನು, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು, ವಿವರಿಸಿದ ದಿನ, ಸರಾಸರಿ ಒಂದೇ ಆಗಿದ್ದರೂ ಅದರ ಹಿಂದಿನ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿರಬಹುದು, ದಿಕ್ಕಿಗೊಂದರಂತೆ ಚದುರಿಯೂ ಹೋಗಿರಬಹುದು ಎಂಬುದು ಥಟ್ಟನೆ ಹೊಳೆಯಿತು. ಅಷ್ಟೂ ವರ್ಷ ನಾನು ಬರೆದುಕೊಟ್ಟ ಪಟ್ಟಿಗಳ ಹಿಂದೆ ಏನೇನು ಅಡಗಿತ್ತೋ ಎಂದು ಮೈ ಜುಮ್ಮೆಂದಿತು. ಯಾರಿಗಾದರೂ ಹೇಳಲೇಬೇಕೆನಿಸಿ ಪಕ್ಕದಲ್ಲಿದ್ದ ಹುಡುಗನಿಗೆ ಹೇಳಿದೆ. ಆತ ಬಹಳ ಗಂಭೀರವಾಗಿ ಆಲಿಸಿ, 'ಇದು ಪರೀಕ್ಷೆಗೆ ಬರುತ್ತದೆಯೇ ಮೇಡಂ?' ಎಂದು ಕೇಳಿದ. ಬಂತು, ಹತ್ತು ಅಂಕಕ್ಕೆ. ಆ ತರಗತಿಗಳು ಮುಗಿದುಹೋದವೆಂಬ ಬೇಸರ, ಕೆಲಸ ಸಿಗಲಿಲ್ಲವೆಂಬ ಬೇಸರಕ್ಕಿಂತ ಕೆಲವೊಮ್ಮೆ ಹೆಚ್ಚಾಗಿರುತ್ತದೆ.

ಸಂದರ್ಶನಕ್ಕೆ ಕರೆದವರೂ ಇಲ್ಲದಿಲ್ಲ. ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರವಿಡಬಾರದೆಂದು ಅಮೆರಿಕದಲ್ಲಿ 1967ರಲ್ಲೇ ಕಾನೂನು ಬಂತು, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲೂ ವಯಸ್ಸಿಗೆ ರಕ್ಷಣೆಯಿದೆ. ಹೀಗೆ ವಯಸ್ಸನ್ನು ನೇರವಾಗಿ ಕೇಳುವುದು ಸಭ್ಯತೆಯಲ್ಲವೆಂಬ ಅರಿವು ಎಲ್ಲೆಡೆ ಹಬ್ಬಿರುವುದರಿಂದ, ಸಂದರ್ಶಕರು ಈಗ ಸುತ್ತುದಾರಿಯಲ್ಲಿ ಬರುತ್ತಾರೆ. 'ನಮ್ಮದು ಬಹಳ ಚುರುಕಿನ ತಂಡ' ಎಂದು ಹೇಳಿ, ನಾನು ಕುರ್ಚಿಯಿಂದ ಏಳುವಾಗ ಮೊಣಕಾಲಿಗೆ ಕೈ ಕೊಡುತ್ತೇನೆಯೇ ಎಂದು ನೋಡುತ್ತಾರೆ. 'ನಿಮಗಿಂತ ಕಿರಿಯರ ಕೈಕೆಳಗೆ ಕೆಲಸ ಮಾಡಲು ಅಭ್ಯಂತರವಿಲ್ಲವೇ?' ಎಂದು ಅನುಕಂಪದಿಂದ ವಿಚಾರಿಸುತ್ತಾರೆ. ಮೂರು ವರ್ಷಗಳ ಕಾಲ ಕಿರಿಯರ ಕೈಯಲ್ಲಿ ಅಂಕ ಹಾಕಿಸಿಕೊಂಡವಳಿಗೆ ಕೇಳುವ ಪ್ರಶ್ನೆಯೇ ಅದು?

ಇಂದು ಮಧ್ಯಾಹ್ನ ಪ್ಲೇಸ್‌ಮೆಂಟ್ ಅಧಿಕಾರಿಗಳ ಫೋನ್ ಬಂತು. ಯಾವುದಾದರೂ ಸಂಸ್ಥೆ ಒಪ್ಪಿರಬೇಕೆಂದು ಉಸಿರು ಬಿಗಿಹಿಡಿದು ಎತ್ತಿಕೊಂಡೆ. ಹೊಸ ವರ್ಷದ ಪ್ರವೇಶಕ್ಕೆ ಭಿತ್ತಿಪತ್ರ ಸಿದ್ಧವಾಗುತ್ತಿದೆಯಂತೆ, 'ಓದುವ ಛಲಕ್ಕೊಂದು ಸ್ಫೂರ್ತಿ' ಎಂಬ ತಲೆಬರಹದಡಿ ನನ್ನ ಭಾವಚಿತ್ರ ಬೇಕಂತೆ. ಕನ್ನಡಕ ಹಾಕಿರುವ, ಕೂದಲಿಗೆ ಬಣ್ಣ ಹಚ್ಚದಿರುವ ಚಿತ್ರವಾದರೆ ಇನ್ನೂ ಒಳ್ಳೆಯದಂತೆ.

'ಹೆಸರಿನ ಕೆಳಗೆ ನಿಮ್ಮ ವಯಸ್ಸನ್ನು ದೊಡ್ಡ ಅಂಕಿಗಳಲ್ಲಿ ಹಾಕಿಸುತ್ತೇನೆ ಮೇಡಂ, ದೂರದಿಂದಲೇ ಕಾಣಬೇಕು' ಎಂದರು. ಈ ಸಲ ದನಿ ತಗ್ಗಿಸಲಿಲ್ಲ.

ಕೆಲಸದ ವಿಚಾರ ಏನಾಯಿತೆಂದು ಕೇಳಿದೆ.

'ಅದನ್ನು ಭಿತ್ತಿಪತ್ರದಲ್ಲಿ ಹಾಕುವುದಿಲ್ಲ, ನೀವು ಚಿಂತೆ ಮಾಡಬೇಡಿ' ಎಂದರು.