ಕಡಿಮೆ ಬಜೆಟ್ಟಿನ ಮನೆಗೆ ಸ್ಕೂಟರ್ ಸಾಕಾ, ಕಾರೇ ಬೇಕಾ?

ತಿಂಗಳಿಗೆ ನಲವತ್ತು ಸಾವಿರದೊಳಗೆ ಸಂಸಾರ ತೂಗಿಸುವ ಮನೆಗೆ ಮೊದಲ ವಾಹನವಾಗಿ ಸ್ಕೂಟರ್ ಸಾಕು. ಒಪ್ಪುತ್ತೀರಾ?

ಪರ: ಬಡ್ಡಿ ದುಡ್ಡಲ್ಲೇ ಸ್ಕೂಟರ್ ಬರುತ್ತದೆ

ಮೊದಲು ದುಡ್ಡಿನ ಮಾತು. ಹೊಸ 110 ಸಿಸಿ ಸ್ಕೂಟರ್ ಮನೆಗೆ ಬರುವಾಗ ಒಂದು ಲಕ್ಷದ ಆಸುಪಾಸು ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸ್ವಲ್ಪ ಹಗುರವಾಯಿತು. ಸಣ್ಣ ಕಾರಿಗೂ ಇಳಿದಿದೆ, ಇಲ್ಲ ಎನ್ನುವುದಿಲ್ಲ. ಆದರೆ ಜಾಹೀರಾತಿನಲ್ಲಿ 3.70 ಲಕ್ಷ ಎಂದು ಕಾಣುವ ಕಾರಿಗೆ ನಮ್ಮ ರಾಜ್ಯದ ರಸ್ತೆ ತೆರಿಗೆ ಸೇರಿಸಿ. ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ನೋಂದಣಿ ಖರ್ಚು ಸೇರಿಸಿ. ನಾಲ್ಕೂವರೆ ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ. ಅದರಲ್ಲಿ ನಾಲ್ಕು ಲಕ್ಷ ಸಾಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಶೇ 9.5 ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು 8,400 ರೂಪಾಯಿ. ಕಟ್ಟಿ ಮುಗಿಸುವಾಗ ಬಡ್ಡಿಯೇ ಒಂದು ಲಕ್ಷ ದಾಟಿರುತ್ತದೆ. ಆ ಬಡ್ಡಿ ದುಡ್ಡಲ್ಲೇ ಒಂದು ಸ್ಕೂಟರ್ ಬರುತ್ತದೆ!

ಪೆಟ್ರೋಲಿಗೆ ಬನ್ನಿ. ದಿನಕ್ಕೆ 20 ಕಿ.ಮೀ., ತಿಂಗಳಲ್ಲಿ 25 ದಿನ ಓಡಾಟ ಎಂದರೆ 500 ಕಿ.ಮೀ. ಲೀಟರಿಗೆ 45 ಕೊಡುವ ಸ್ಕೂಟರಿಗೆ 11 ಲೀಟರ್ ಸಾಕು. ಪೇಟೆಯ ಗಿಜಿಗಿಜಿಯಲ್ಲಿ 16 ಕೊಡುವ ಕಾರಿಗೆ 31 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ ಎರಡು ಸಾವಿರ ವ್ಯತ್ಯಾಸ. ಕಂತು, ಪೆಟ್ರೋಲ್ ಎರಡೂ ಸೇರಿದರೆ ಹನ್ನೊಂದು ಸಾವಿರಕ್ಕೂ ಜಾಸ್ತಿ ಪ್ರತಿ ತಿಂಗಳೂ ಕಾರಿಗೇ ಹೋಯಿತು. ನಲವತ್ತು ಸಾವಿರದಲ್ಲಿ ಇನ್ನು ಬಾಡಿಗೆ, ಮಕ್ಕಳ ಫೀಸು, ಔಷಧಿ ಎಲ್ಲಿಂದ?

ಹೀಗಾಗಿ ಕಾರು ತಗೊಂಡವರು ಅದನ್ನು ಓಡಿಸುವುದೇ ಇಲ್ಲ, ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾರೆ. ನಮ್ಮ ಮಂಗಳೂರಲ್ಲಿ ಕಾರನ್ನು ಸುಮ್ನೆ ನಿಲ್ಲಿಸಿಟ್ಟರೆ ಏನಾಗುತ್ತದೆ ಗೊತ್ತಲ್ವಾ? ಜುಲೈ ತಿಂಗಳಲ್ಲಿ ಬಾಗಿಲು ತೆರೆದು ನೋಡಿ. ಸೀಟಿನ ಮೇಲೆ, ಬೆಲ್ಟಿನ ಮೇಲೆ, ಸ್ಟೇರಿಂಗಿನ ಮೇಲೆ ಬೆಳ್ಳಗೆ ಬೂಷ್ಟು. ಬ್ಯಾಟರಿ ಡೌನ್. ಬಾನೆಟ್ ಒಳಗೆ ಇಲಿ ಹೊಕ್ಕು ವಯರ್ ಕಡಿದಿರುತ್ತದೆ. ಓಡಿಸದ ಕಾರಿಗೂ ಖರ್ಚು ತಪ್ಪುವುದಿಲ್ಲ.

ಓಡಿಸಿದರೆ ನಿಲ್ಲಿಸುವುದೆಲ್ಲಿ? ಹಂಪನಕಟ್ಟೆಯಲ್ಲಿ, ರಥಬೀದಿಯಲ್ಲಿ, ಬಂದರಿನ ಓಣಿಗಳಲ್ಲಿ ಜಾಗ ಹುಡುಕುತ್ತಾ ಸುತ್ತಿದವರಿಗೆ ಅದರ ಕಷ್ಟ ಗೊತ್ತು. ಸ್ಕೂಟರ್ ಎರಡು ಬೈಕಿನ ನಡುವೆ ನೂಕಿ ನಿಲ್ಲಿಸಿ ಕೆಲಸಕ್ಕೆ ಹೋಗಬಹುದು. ಗುಡ್ಡೆಯ ಇಳಿಜಾರಿನಲ್ಲಿರುವ ಎಷ್ಟೋ ಮನೆಗಳ ಅಂಗಳಕ್ಕೆ ಕಾರು ಇಳಿಯುವುದೂ ಇಲ್ಲ.

ಆದರೆ ನಾನು ಸ್ಕೂಟರಿನ ಪರ ಇಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಕಾರಣ ನನ್ನ ಅಮ್ಮ. ನಮ್ಮ ಮನೆ ವಾಮಂಜೂರಿನ ಒಳಗೆ. ಮುಖ್ಯ ರಸ್ತೆಗೆ ಬರಲು ಗುಡ್ಡೆ ಹತ್ತಬೇಕು. ಅಮ್ಮ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಇಳಿದ ಮೇಲೆ ಕತ್ತಲೆಯಲ್ಲಿ ನಡೆಯಬೇಕು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು, ಒಳ್ಳೆಯದೇ. ಆದರೆ ಅದು ಸರಕಾರಿ ಬಸ್ಸಿಗೆ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ.

ಸ್ಕೂಟರ್ ತರೋಣ, ನೀವೂ ಕಲಿಯಿರಿ ಎಂದಾಗ ಅಮ್ಮ, "ಈ ಪ್ರಾಯದಲ್ಲಿ ನನಗೆ ಎಂತಕ್ಕೆ ಮಗಾ?" ಎಂದರು. ಐವತ್ತರ ಹತ್ತಿರವಿದ್ದರು ಆಗ. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಕಲಿಕೆ ಶುರುವಾಯಿತು. ಅಪ್ಪ ಹಿಂದಿನ ಹಿಡಿಕೆ ಹಿಡಿದು ಓಡುವುದು, "ಎಕ್ಸಲೇಟರ್ ಬಿಡು, ಬ್ರೇಕ್ ಹಿಡಿ" ಎಂದು ಕೂಗುವುದು. ಸೀರೆ ಉಟ್ಟು ಹೋದರೆ ಹೆದರಿಕೆ ಎಂದು ಅಮ್ಮ ನನ್ನ ಚೂಡಿದಾರ್ ಹಾಕಿಕೊಂಡು ಬರುತ್ತಿದ್ದರು. ಲೈಸೆನ್ಸ್ ಸಿಕ್ಕಿದ ಮೇಲೆ ಒಬ್ಬರೇ ಮೊದಲು ಹೋದದ್ದು ಮೀನು ಮಾರ್ಕೆಟ್ಟಿಗೆ. ಮುಂದಿನ ಕೊಕ್ಕೆಯಲ್ಲಿ ಬಂಗುಡೆಯ ಚೀಲ ತೂಗುತ್ತಾ ವಾಪಸ್ ಬಂದರು. ಹೆಲ್ಮೆಟ್ ಕೂಡ ತೆಗೆಯದೆ ಪಕ್ಕದ ಮನೆಯ ಅಕ್ಕನನ್ನು ಕರೆದು ತೋರಿಸಿದರು!

ಈಗ ಕಾಲಿಡುವ ಜಾಗದಲ್ಲಿ 25 ಕೆ.ಜಿ. ಕುಚ್ಚಲಕ್ಕಿ ಮೂಟೆ ಇಟ್ಟುಕೊಂಡು ಬರುತ್ತಾರೆ. ದೂರದ ಅಂಗಡಿಯಲ್ಲಿ ಜಾಸ್ತಿ ಸಂಬಳದ ಕೆಲಸ ಸಿಕ್ಕಿತು, ಬಸ್ಸಿನ ಚಿಂತೆ ಇಲ್ಲದ್ದರಿಂದ ಒಪ್ಪಿಕೊಂಡರು. ಸೊಸೈಟಿ, ಬ್ಯಾಂಕು, ತವರುಮನೆ, ಯಾವುದಕ್ಕೂ ಯಾರನ್ನೂ ಕೇಳುವುದಿಲ್ಲ. ಸ್ಕೂಟರಿನ ಬದಲು ಕಾರು ತಂದಿದ್ದರೆ ಅದರ ಕೀ ಅಪ್ಪನ ಕಿಸೆಯಲ್ಲೇ ಇರುತ್ತಿತ್ತು. ಎಷ್ಟು ಮನೆಗಳಲ್ಲಿ ನೋಡಿಲ್ಲ ನಾವು?

ಮಳೆ ಬಂದರೆ ಏನು ಮಾಡುತ್ತೀರಿ ಎಂದು ಕಾರಿನವರು ಕೇಳುತ್ತಾರೆ. ಕರಾವಳಿಯಲ್ಲಿ ಹುಟ್ಟಿದವರಿಗೆ ಮಳೆಯ ಹೆದರಿಕೆ ಹೇಳಬೇಕಾ? ಸೀಟಿನಡಿಯ ಡಿಕ್ಕಿಯಲ್ಲಿ ರೈನ್‌ಕೋಟ್ ಉಂಟು, ಮೊಬೈಲಿಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಉಂಟು. ಕೊಟ್ಟಾರ ಚೌಕಿಯಲ್ಲಿ, ಪಡೀಲಿನ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತರೆ ಕಾರಿಗೂ ದಾರಿ ಇಲ್ಲ. ಅಪಘಾತದ ಮಾತೂ ಹಾಗೆಯೇ. ಕಾರಿಗೆ ಅಪಘಾತ ಆಗುವುದಿಲ್ಲವೇ? ನಿಧಾನ ಹೋಗಿ, ಹೆಲ್ಮೆಟ್ಟಿನ ಪಟ್ಟಿ ಬಿಗಿಯಿರಿ. ಧರ್ಮಸ್ಥಳಕ್ಕೋ ದೂರದ ಮದುವೆಗೋ ಹೋಗಲಿಕ್ಕಿದ್ದರೆ ಬಸ್ಸು ಉಂಟು, ಬಾಡಿಗೆ ಕಾರು ಉಂಟು. ವರ್ಷದ ಆ ನಾಲ್ಕು ದಿನಕ್ಕಾಗಿ ಐದು ವರ್ಷ ಕಂತು ಕಟ್ಟಬೇಡಿ.

ವಿರೋಧ: ಮಗು ಇರುವ ಮನೆಗೆ ಸಾಲದು

ನಾನು ಉಡುಪಿಯವನು. ಕಾರಿನ ಪರ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಕಲ್ಸಂಕದ ಆಫೀಸಿಗೆ ನಾನು ದಿನಾ ಹೋಗುವುದು ಸ್ಕೂಟರಿನಲ್ಲೇ ಎಂದು ಮೊದಲೇ ಹೇಳಿಬಿಡುತ್ತೇನೆ. ಒಬ್ಬರಿಗೆ, ಇಬ್ಬರಿಗೆ ಅದು ಸಾಕು ಎಂದರೆ ನನ್ನ ತಕರಾರಿಲ್ಲ. ಮಗು ಬಂದ ಮೇಲೆ ಸಾಲದು ಎಂಬುದಷ್ಟೇ ನನ್ನ ವಾದ.

ಕಾನೂನಿನ ಪ್ರಕಾರ ಸ್ಕೂಟರಿನಲ್ಲಿ ಇಬ್ಬರೇ ಕೂರಬಹುದು. ಗಂಡ ಹೆಂಡತಿಯ ನಡುವೆ ಮಗುವನ್ನು ಕೂರಿಸುವುದು ನಮಗೆ ರೂಢಿಯಾಗಿದೆ, ಆದರೆ ಅದು ತಪ್ಪೇ. ನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್, ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನಮ್ಮಲ್ಲಿ ಎಷ್ಟು ಜನ ಪಾಲಿಸುತ್ತಾರೆ?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಅವರಲ್ಲಿ ಶೇ 44.5 ಮಂದಿ ದ್ವಿಚಕ್ರದಲ್ಲಿದ್ದವರು. ರೈನ್‌ಕೋಟ್ ಇದಕ್ಕೆ ಉತ್ತರ ಅಲ್ಲ. ಕಡಿಮೆ ಬೆಲೆಯ ಆಲ್ಟೊ ಕೆ10ಕ್ಕೂ 2025ರಿಂದ ಆರು ಏರ್‌ಬ್ಯಾಗ್ ಬಂದಿವೆ.

ಕಳೆದ ಜುಲೈಯಲ್ಲಿ ಅಕ್ಕನ ಮಗುವಿಗೆ ರಾತ್ರಿ ಜ್ವರ ಏರಿತು. ಹೊರಗೆ ಜಡಿಮಳೆ, ರಿಕ್ಷಾ ಸಿಗಲಿಲ್ಲ. ಭಾವ ಸ್ಕೂಟರ್ ತೆಗೆದರು. ಅಕ್ಕ ಮಗುವನ್ನು ತನ್ನ ರೈನ್‌ಕೋಟಿನೊಳಗೆ ಸೇರಿಸಿಕೊಂಡು ಹಿಂದೆ ಕೂತಳು. ಸಂತೆಕಟ್ಟೆಯಿಂದ ಹೆದ್ದಾರಿಗೆ ಬಂದರೆ ಹೆಲ್ಮೆಟ್ಟಿನ ಗಾಜಿನ ಹೊರಗೆ ನೀರು, ಒಳಗೆ ಹಬೆ. ಗಾಜು ಎತ್ತಿದರೆ ಹನಿ ಕಣ್ಣಿಗೇ ಹೊಡೆಯುತ್ತದೆ. ಎದುರಿಂದ ಬರುವ ಬಸ್ಸಿನ ಲೈಟಿಗೆ ರಸ್ತೆಯ ಗುಂಡಿ ಕಾಣುವುದಿಲ್ಲ. ಮಣಿಪಾಲ ಮುಟ್ಟುವಾಗ ಮೂವರೂ ಒದ್ದೆ, ಮಗು ನಡುಗುತ್ತಿತ್ತು. ಭಾವ ಆಮೇಲೆ ನನ್ನ ಹತ್ತಿರ, "ಇನ್ನೊಮ್ಮೆ ಹೀಗೆ ಹೋಗುವುದಿಲ್ಲ ಮಾರಾಯ" ಎಂದರು.

ಟಾಟಾ ನ್ಯಾನೊ ಯೋಚನೆ ಹುಟ್ಟಿದ್ದೂ ಇಂಥದ್ದೇ ದೃಶ್ಯದಿಂದ. ಮಳೆಯಲ್ಲಿ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದ ಸಂಸಾರವನ್ನು ರತನ್ ಟಾಟಾ ನೋಡಿದ್ದರು. 2008ರಲ್ಲಿ ಒಂದು ಲಕ್ಷದ ಕಾರು ಎಂದು ಅದನ್ನು ತೋರಿಸಿದರು. ಆ ಕಾರು ಈಗ ತಯಾರಾಗುವುದಿಲ್ಲ.

ಕಂತು ಕಂತು ಎನ್ನುವವರು ಹೊಸ ಕಾರನ್ನೇ ಲೆಕ್ಕ ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಎರಡು, ಎರಡೂವರೆ ಲಕ್ಷಕ್ಕೆ ಸಿಗುತ್ತದೆ. ನೋಡಿ ತಗೊಳ್ಳಬೇಕು ಅಷ್ಟೆ. ನಮ್ಮದು ಉಪ್ಪುಗಾಳಿಯ ಊರು, ಹಾಗಾಗಿ ಬಣ್ಣದ ಹೊಳಪು ನೋಡಿ ಮರುಳಾಗಬೇಡಿ. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ, ಬಾಗಿಲಿನ ಅಡಿ ಅಂಚನ್ನು ಬೆರಳಿನಿಂದ ಸವರಿ ನೋಡಿ. ತುಕ್ಕು ಉದುರಿದರೆ ಬೇಡ. ಆರ್‌ಸಿ, ಅಂದರೆ ನೋಂದಣಿ ಪತ್ರ, 15 ವರ್ಷಕ್ಕೆ ಇರುತ್ತದೆ, ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿ. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.